‘ಮೊಲಗೆ’ ಅಂದ ಹುಡುಗ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಹುಡುಗನನ್ನು ಪುಟ್ಟ ಅಂತ ಕರೆಯುತ್ತೇನೆ. ನಿಜವಾದ ಹೆಸರು, ಊರು, ಮನೆಯವರ ವಿವರ ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳನ್ನು ಬೇಕೆಂದೇ ಬದಲಿಸಿದ್ದೇನೆ. ಮಾತು ಮತ್ತು ಭಾಷೆಯ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುವುದು ನನ್ನ ವೃತ್ತಿ. ಭಾಷೆಯಲ್ಲಿ ಪ್ಯಾಟರ್ನ್ ಹಿಡಿಯೋದು ಅಂದರೆ ಏನು, ಮಗುವಿಗೆ ಅದು ಕಷ್ಟವಾದಾಗ ದೊಡ್ಡವರು ಎಲ್ಲಿ ದಾರಿ ಬದಲಿಸಬೇಕಾಗುತ್ತದೆ ಅನ್ನುವುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣಿಸಿತು.

ಹಿನ್ನೆಲೆ

ಪುಟ್ಟ ಮೊದಲ ಸಲ ಬಂದಾಗ ಅವನಿಗೆ ನಾಲ್ಕು ವರ್ಷ ಮೂರು ತಿಂಗಳು. ಮನೆಮಾತು ಕನ್ನಡ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಶಿಶುವಿಹಾರ, ಉಳಿದ ಹೊತ್ತೆಲ್ಲ ಅಜ್ಜಿಯ ಜೊತೆ.

ಕೂತದ್ದು, ನಡೆದದ್ದು ಎಲ್ಲ ಸಮಯಕ್ಕೆ ಸರಿಯಾಗಿ. ಮಾತು ಮಾತ್ರ ತಡ. ಎರಡು ವರ್ಷಕ್ಕೆ ಬೆರಳೆಣಿಕೆಯ ಪದಗಳಿದ್ದವು. ಎರಡು ಪದ ಜೋಡಿಸಿ ಹೇಳಿದ್ದು ಮೂರು ದಾಟಿದ ಮೇಲೆ. ಎರಡು ವರ್ಷಕ್ಕೆ 50 ಪದ ಇಲ್ಲದಿದ್ದರೆ, ಅಥವಾ ಎರಡು ಪದ ಜೋಡಿಸದಿದ್ದರೆ, ಅಂಥ ಮಕ್ಕಳ ಮೇಲೆ ಒಂದು ಕಣ್ಣಿಟ್ಟಿರಬೇಕು ಅನ್ನುವುದು ನಮ್ಮ ಕ್ಷೇತ್ರದ ರೂಢಿಯ ಅಳತೆ. ಹೀಗೆ ತಡವಾದ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ಹಾಗಾಗಿ ‘ಗಂಡು ಮಕ್ಕಳಿಗೆ ಮಾತು ತಡ, ಬರುತ್ತೆ ಬಿಡಿ’ ಅಂದವರನ್ನು ನಾನು ಪೂರ್ತಿ ದೂರುವುದಿಲ್ಲ. ಆದರೆ ನಾಲ್ಕು ದಾಟಿದ ಮೇಲೂ ವಾಕ್ಯ ಕೂಡುತ್ತಿಲ್ಲ ಅಂದರೆ ಇನ್ನೂ ಕಾಯುವುದರಲ್ಲಿ ಅರ್ಥವಿಲ್ಲ.

ಮೊದಲು ಕಿವಿ ಪರೀಕ್ಷೆ ಮಾಡಿಸಿದೆವು. ಕೇಳಿಸುವುದು ಸರಿಯಿತ್ತು, ನಡುಗಿವಿಯಲ್ಲಿ ನೀರು ಕಟ್ಟಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದ. ಗೊಂಬೆಗೆ ಜ್ವರ ಬಂದಿದೆ ಅಂತ ನಟಿಸಿ ಆಡುತ್ತಿದ್ದ. ಮಾತು ಬೇಡದ ಒಗಟು, ಚಿತ್ರ ಜೋಡಣೆಯಲ್ಲಿ ವಯಸ್ಸಿಗಿಂತ ಒಂದು ಹೆಜ್ಜೆ ಮುಂದೆಯೇ ಇದ್ದ. ಆಟಿಸಂ ಅಲ್ಲ, ಬುದ್ಧಿಯ ಬೆಳವಣಿಗೆ ಕುಂಠಿತವಾಗಿದ್ದೂ ಅಲ್ಲ. ಬೇರೆ ಯಾವ ಕಾರಣವೂ ಇಲ್ಲದೆ ಭಾಷೆ ಮಾತ್ರ ಹಿಂದೆ ಬಿದ್ದಿದ್ದರೆ, ಅದರಿಂದ ದಿನದ ಬದುಕಿಗೆ ತೊಂದರೆ ಆಗುತ್ತಿದ್ದರೆ, ಈಗ ಅದನ್ನು ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ, ಅನ್ನುತ್ತೇವೆ. ಡೊರೊಥಿ ಬಿಷಪ್ ಮುಂದಾಳತ್ವದಲ್ಲಿ ತಜ್ಞರ ಗುಂಪೊಂದು 2017ರಲ್ಲಿ ಈ ಹೆಸರಿಗೆ ಒಮ್ಮತ ಸೂಚಿಸಿತು. ಇದೇನೂ ಅಪರೂಪದ್ದಲ್ಲ. ಬ್ರಿಟನ್ನಿನಲ್ಲಿ ಶಾಲೆಗೆ ಸೇರಿದ ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಸುಮಾರು 7 ಮಕ್ಕಳಲ್ಲಿ ಇದು ಕಂಡುಬಂತು. ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಆದರೂ ಹೆಸರು ಕೇಳಿದವರು ಕಡಿಮೆ.

ಅಮ್ಮ ಮೊದಲ ದಿನವೇ ಒಂದು ಪ್ರಶ್ನೆ ಕೇಳಿದರು. “ಮೇಡಂ, ಇವನಿಗೆ ಪ್ಯಾಟರ್ನ್ ಚೆನ್ನಾಗಿ ಬರುತ್ತೆ. ಕೆಂಪು ಮಣಿ, ನೀಲಿ ಮಣಿ, ಕೆಂಪು, ನೀಲಿ ಅಂತ ಸರ ಪೋಣಿಸ್ತಾನೆ. ಮಾತಲ್ಲಿ ಮಾತ್ರ ಯಾಕೆ ಹೀಗೆ?” ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದದ್ದೇ ಈ ಪ್ರಕರಣದ ಮುಕ್ಕಾಲು ಭಾಗ.

ತೊಂದರೆ ಎಲ್ಲಿತ್ತು

ಪುಟ್ಟ ಬೇರೊಂದು ಕಡೆ ಕೆಲವು ತಿಂಗಳು ಚಿಕಿತ್ಸೆ ಪಡೆದು ಬಂದಿದ್ದ. ಅಲ್ಲಿ ಹತ್ತು ಚಿತ್ರದ ಕಾರ್ಡು ಕೊಟ್ಟು ಹತ್ತು ವಾಕ್ಯ ಕಲಿಸಿದ್ದರು. ‘ಅಮ್ಮನಿಗೆ ಹೂ ಕೊಡು’, ‘ಅಜ್ಜಿಗೆ ಕೋಲು ಕೊಡು’, ಹೀಗೆ. ಶ್ರದ್ಧೆಯಿಂದಲೇ ಕಲಿಸಿದ್ದರು. ಅಜ್ಜಿ ಮನೆಯಲ್ಲಿ ದಿನಾ ಹೇಳಿಸುತ್ತಿದ್ದರು. ಕಾರ್ಡು ತೋರಿಸಿದರೆ ಹತ್ತಕ್ಕೆ ಹತ್ತೂ ಸರಿ. ವರದಿಯಲ್ಲಿ ‘ಗುರಿ ಮುಟ್ಟಿದೆ’ ಅಂತ ಬರೆದಿತ್ತು.

ನಾನು ಕಾರ್ಡು ಬದಿಗಿಟ್ಟು ಆಟಿಕೆ ತೆಗೆದೆ. ನರಿ ಇತ್ತು, ಕೋತಿ ಇತ್ತು, ಟೋಪಿಗಳಿದ್ದವು. ಯಾರಿಗೆ ಟೋಪಿ ಹಾಕೋಣ ಅಂದರೆ “ನರಿ ಟೋಪಿ” ಅಂದ. “ಕೋತಿ ಟೋಪಿ ಹಾಕು” ಅಂದ. ಹೊಸ ಹನ್ನೆರಡು ಆಟಿಕೆಗಳಲ್ಲಿ ‘-ಗೆ’ ಬಂದದ್ದು ಒಂದೇ ಸಲ. ಆಮೇಲೆ ಇನ್ನೊಂದು ಪರೀಕ್ಷೆ. ವಿಚಿತ್ರ ಆಕಾರದ ಒಂದು ಬಟ್ಟೆ ಗೊಂಬೆಗೆ ‘ಗೂಮಿ’ ಅಂತ ಹೆಸರಿಟ್ಟು, ಗೂಮಿಗೆ ಒಂದು ವಸ್ತು ಕೊಡುವ ಸಂದರ್ಭ ತಂದೆ. ಮಗು ಹಿಂದೆಂದೂ ಕೇಳಿರದ ಪದ ಕೊಟ್ಟು ವ್ಯಾಕರಣ ನೋಡುವ ಈ ಉಪಾಯ ಹಳೆಯದು. ಜೀನ್ ಬರ್ಕೊ 1958ರಲ್ಲಿ ‘ವಗ್’ ಅನ್ನೋ ಕಲ್ಪಿತ ಪ್ರಾಣಿಯ ಚಿತ್ರ ತೋರಿಸಿ ಇದನ್ನೇ ಮಾಡಿದ್ದರು. ಕೇಳದ ಪದಕ್ಕೂ ಮಗು ಸರಿಯಾದ ಪ್ರತ್ಯಯ ಹಚ್ಚಿದರೆ, ಅದು ಬಾಯಿಪಾಠ ಆಗಿರಲು ಸಾಧ್ಯವಿಲ್ಲ ಅಲ್ವಾ? ಪುಟ್ಟ “ಗೂಮಿ ಕೊಡು” ಅಂದ. ಅದು ‘ಗೂಮಿಯನ್ನೇ ಕೊಟ್ಟುಬಿಡು’ ಅಂದ ಹಾಗಾಯಿತು.

ಇದಕ್ಕಿಂತ ಜಾಸ್ತಿ ಕಲಿಸಿದ್ದು ಅರ್ಥ ಮಾಡಿಕೊಳ್ಳುವ ಪರೀಕ್ಷೆ. ಎರಡು ವಾಕ್ಯ ಹೇಳಿ, ಹೇಳಿದ ಹಾಗೆ ಮಾಡು ಅಂದೆ. ಒಂದು, ‘ನರಿಗೆ ಕೋತಿ ಕೊಡು’. ಇನ್ನೊಂದು, ‘ನರಿ ಕೋತಿಗೆ ಕೊಡು’. ಪದಗಳ ಸಾಲು ಎರಡರಲ್ಲೂ ಒಂದೇ. ಯಾರು ಯಾರ ಕೈ ಸೇರಬೇಕು ಅನ್ನುವುದನ್ನು ಹೇಳುವುದು ಆ ಪುಟಾಣಿ ‘-ಗೆ’ ಒಂದೇ. ಪುಟ್ಟ ಎರಡಕ್ಕೂ ಒಂದೇ ಕೆಲಸ ಮಾಡಿದ. ಮತ್ತೆ ಬೇರೆ ಗೊಂಬೆ ಇಟ್ಟು ಕೇಳಿದರೂ ಅಷ್ಟೇ. ಅವನು ‘-ಗೆ’ ಹೇಳಲು ಮರೆಯುತ್ತಿದ್ದ ಅಂತಲ್ಲ. ಅದು ಕೆಲಸ ಮಾಡುವ ಒಂದು ಭಾಗ ಅನ್ನುವುದೇ ಅವನಿಗೆ ಹೊಳೆದಿರಲಿಲ್ಲ.

ಹಾಗಾದರೆ ‘ಅಮ್ಮನಿಗೆ’, ‘ಅಜ್ಜಿಗೆ’, ‘ನಂಗೆ ಬೇಕು’ ಎಲ್ಲ ಹೇಗೆ ಬರುತ್ತಿದ್ದವು? ಇಡೀ ಗಂಟಾಗಿ ನೆನಪಿಟ್ಟುಕೊಂಡಿದ್ದ. ‘ನಂಗೆ’ ಅನ್ನುವುದು ಅವನ ಮಟ್ಟಿಗೆ ಒಡೆಯಲಾಗದ ಒಂದು ಪದ. ಮನೆಯವರು “ಅವನಿಗೆ ‘ಗೆ’ ಗೊತ್ತು, ಮೂಡು ಬಂದರೆ ಹೇಳ್ತಾನೆ” ಅಂದುಕೊಂಡಿದ್ದಕ್ಕೆ ಇದೇ ಕಾರಣ.

ಶಿಶುವಿಹಾರದಿಂದ ಬೇರೆಯೇ ದೂರು ಬರುತ್ತಿತ್ತು. ಹೇಳಿದ ಮಾತು ಕೇಳಲ್ಲ, ಹಟ ಅಂತ. ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನೇ ಮಾಡುತ್ತಿದ್ದ. ಡಿಎಲ್‌ಡಿ ಇರುವ ಮಕ್ಕಳಿಗೆ ಹಟಮಾರಿ, ಸೋಮಾರಿ ಅನ್ನೋ ಪಟ್ಟ ಎಷ್ಟು ಬೇಗ ಅಂಟುತ್ತದೆಂದರೆ, ಭಾಷೆ ಪರೀಕ್ಷಿಸುವ ಮೊದಲೇ ಶಿಸ್ತು ಕಲಿಸಲು ಹೊರಡುತ್ತಾರೆ.

ಪ್ಯಾಟರ್ನ್ ಹಿಡಿಯೋದು ಅಂದರೆ

ಇಲ್ಲಿ ಸ್ವಲ್ಪ ಹೊತ್ತು ಪುಟ್ಟನನ್ನು ಬಿಟ್ಟು ಸಂಶೋಧನೆಯ ಕಡೆ ನೋಡೋಣ. ಮುಂದಿನ ನಿರ್ಧಾರಗಳೆಲ್ಲ ಅಲ್ಲಿಂದಲೇ ಬಂದವು.

1996ರಲ್ಲಿ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ ಎಂಟು ತಿಂಗಳ ಶಿಶುಗಳಿಗೆ ಎರಡು ನಿಮಿಷ ಒಂದು ಕಲ್ಪಿತ ಭಾಷೆ ಕೇಳಿಸಿದರು. ಬಿಡಾಕುಪಾಡೋಟಿಗೊಲಾಬುಬಿಡಾಕು, ಹೀಗೆ ನಿಲ್ಲದೆ ಹರಿಯುವ ಸದ್ದು. ನಡುವೆ ಬಿಡುವಿಲ್ಲ, ಏರಿಳಿತವಿಲ್ಲ. ಅದರೊಳಗೆ ಮೂರು ಮೂರು ಅಕ್ಷರದ ನಾಲ್ಕು ಪದ ಅಡಗಿದ್ದವು. ಪದದ ಒಳಗೆ ‘ಬಿ’ ಆದ ಮೇಲೆ ಯಾವಾಗಲೂ ‘ಡಾ’. ಪದ ಮುಗಿದ ಮೇಲೆ ಮಾತ್ರ ಮೂರರಲ್ಲಿ ಯಾವುದಾದರೂ ಬರಬಹುದು. ಶಿಶುಗಳಿಗೆ ಇದ್ದ ಸುಳಿವು ಇಷ್ಟೇ. ಆದರೂ ಯಾವುದು ಪದ, ಯಾವುದು ಎರಡು ಪದ ಸೇರಿದ ತುಂಡು ಅನ್ನುವುದನ್ನು ಅವು ಬೇರೆ ಮಾಡಿದವು. ಯಾರೂ ಕಲಿಸಿರಲಿಲ್ಲ. ಯಾವುದರ ಹಿಂದೆ ಯಾವುದು ಎಷ್ಟು ಸಲ ಬರುತ್ತದೆ ಅನ್ನುವ ಲೆಕ್ಕ ತಲೆಯೊಳಗೆ ಸುಮ್ನೆ ತಾನಾಗಿ ನಡೆಯುತ್ತದೆ. ಪದ ಬಿಡಿಸಲಿಕ್ಕೆ ಮಾತ್ರವಲ್ಲ, ಯಾವ ಪ್ರತ್ಯಯ ಎಲ್ಲಿ ಕೂರುತ್ತದೆ ಅಂತ ಹಿಡಿಯಲಿಕ್ಕೂ ಇದೇ ಬಗೆಯ ಕಲಿಕೆ ನೆರವಾಗುತ್ತದೆ ಅನ್ನುವುದು ಆಮೇಲಿನ ಸಂಶೋಧನೆಯ ದಿಕ್ಕು.

ಭಾಷೆಯ ತೊಂದರೆ ಇರುವ ಮಕ್ಕಳಲ್ಲಿ ಈ ಲೆಕ್ಕವೇ ನಿಧಾನವೇ? 2009ರಲ್ಲಿ ಜೂಲಿಯಾ ಇವಾನ್ಸ್ ಮತ್ತು ಸಂಗಡಿಗರು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಇದೇ ಥರದ ಸದ್ದಿನ ಹರಿವನ್ನು 21 ನಿಮಿಷ ಕೇಳಿಸಿದರು. ಉಳಿದ ಮಕ್ಕಳು ಪದಗಳನ್ನು ಹಿಡಿದರು. ಭಾಷೆಯ ತೊಂದರೆ ಇದ್ದವರ ಉತ್ತರ ಬರೀ ಊಹೆಯ ಮಟ್ಟದಲ್ಲಿತ್ತು. ಸಮಯವನ್ನು ಎರಡರಷ್ಟು ಮಾಡಿ 42 ನಿಮಿಷ ಕೇಳಿಸಿದಾಗ ಅವರೂ ಹಿಡಿದರು. ಮಾತಿನ ಬದಲು ಸಂಗೀತದ ಸ್ವರ ಕೇಳಿಸಿದಾಗ 42 ನಿಮಿಷವೂ ಸಾಲಲಿಲ್ಲ. ಈ ಫಲಿತಾಂಶದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮಕ್ಕಳು ಸೋತದ್ದಲ್ಲ, ಇನ್ನಷ್ಟು ಕೇಳಿದಾಗ ಹಿಡಿದದ್ದು.

ಮೈಕಲ್ ಉಲ್ಮನ್ ಮತ್ತು ಎಲಿಜಬೆತ್ ಪಿಯರ್‌ಪಾಂಟ್ 2005ರಲ್ಲೇ ಇದಕ್ಕೊಂದು ವಿವರಣೆ ಕೊಟ್ಟಿದ್ದರು. ಸೈಕಲ್ ಹೊಡೆಯುವುದು, ಒಂದರ ಹಿಂದೊಂದು ಬರುವ ಕ್ರಮ ಕಲಿಯುವುದು ಇವೆಲ್ಲ ಮಿದುಳಿನ ಒಂದು ವ್ಯವಸ್ಥೆಯ ಕೆಲಸ. ಸಂಗತಿಗಳನ್ನು, ಬಿಡಿ ಪದಗಳನ್ನು ನೆನಪಿಡುವುದು ಇನ್ನೊಂದರ ಕೆಲಸ. ಈ ಮಕ್ಕಳಲ್ಲಿ ಮೊದಲನೆಯದು ದುರ್ಬಲ, ಎರಡನೆಯದು ಹೆಚ್ಚು ಕಮ್ಮಿ ಗಟ್ಟಿ. ಹಾಗಾಗಿ ನಿಯಮವನ್ನು ಹಿಡಿಯಬೇಕಾದ ಕಡೆ ಬಾಯಿಪಾಠದಿಂದ ತೂಗಿಸುತ್ತಾರೆ. ಪುಟ್ಟನ ಹತ್ತು ಕಾರ್ಡಿನ ಕಥೆ ಇದಕ್ಕೆ ಬರೆದಿಟ್ಟ ಹಾಗಿತ್ತು. ಆದರೆ ಈ ವಾದ ಎಲ್ಲರೂ ಒಪ್ಪಿದ್ದೇನಲ್ಲ. ಇಂಥ ಕಲಿಕೆಯನ್ನು ಅಳೆಯುವ ಪ್ರಯೋಗಗಳಲ್ಲಿ ಒಂದೇ ಮಗುವನ್ನು ಎರಡು ಸಲ ಅಳೆದರೆ ಎರಡು ಥರದ ಅಂಕ ಬರುತ್ತವೆ ಅಂತ 2018ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕಟುವಾಗಿಯೇ ಟೀಕಿಸಿದರು. ಆದ್ದರಿಂದ ‘ಪ್ಯಾಟರ್ನ್ ಕಲಿಕೆಯ ಪರೀಕ್ಷೆ’ ಅಂತ ಒಂದನ್ನು ಮಾಡಿ ಒಂದು ಮಗುವಿನ ರೋಗನಿರ್ಣಯ ಮಾಡಲು ಹೊರಡಬಾರದು. ಪುಟ್ಟನಿಗೆ ನಾನು ಅಂಥ ಪರೀಕ್ಷೆ ಮಾಡಲೂ ಇಲ್ಲ.

ಇನ್ನು ಅಮ್ಮನ ಮಣಿಸರದ ಪ್ರಶ್ನೆ. ಮಣಿಗಳು ಕಣ್ಣ ಮುಂದೆ ಇರುತ್ತವೆ. ಪೋಣಿಸಿದ್ದನ್ನು ಮತ್ತೆ ನೋಡಬಹುದು, ಯೋಚಿಸಬಹುದು, ತಪ್ಪಿದರೆ ಬಿಚ್ಚಬಹುದು. ಅದು ಯೋಚಿಸಿ ಬಿಡಿಸುವ ಲೆಕ್ಕ. ಮಾತು ಬಾಯಿಂದ ಬಂದ ಕ್ಷಣಕ್ಕೆ ಮಾಯ. ‘ನರಿಗೆ’ ಅನ್ನುವಾಗ ‘-ಗೆ’ ಒತ್ತಿಲ್ಲದೆ ಸರ್ರನೆ ಹೋಗಿಬಿಡುತ್ತದೆ, ಅಷ್ಟರಲ್ಲಿ ಮುಂದಿನ ಪದ ಬಂದಿರುತ್ತದೆ. ಇದು ಯೋಚಿಸಿ ಬಿಡಿಸುವ ಲೆಕ್ಕ ಅಲ್ಲ. ಹಾಗಾಗಿ ಒಂದರಲ್ಲಿ ಜಾಣನಾಗಿದ್ದು ಇನ್ನೊಂದರಲ್ಲಿ ಹಿಂದಿರಬಹುದು. ಮಣಿಸರ, ಬಣ್ಣದ ಬ್ಲಾಕು, ‘ಮುಂದೆ ಯಾವುದು ಬರುತ್ತೆ’ ಅನ್ನುವ ವರ್ಕ್‌ಶೀಟು ಇವನ್ನು ಇನ್ನಷ್ಟು ಮಾಡಿಸಿದರೆ ಭಾಷೆ ಸರಿಹೋಗುತ್ತದೆ ಅನ್ನೋ ಆಸೆಯನ್ನು ಅಲ್ಲೇ ಕೈಬಿಡಬೇಕು. ಅಪ್ಪ ಆಗಲೇ ಎರಡು ಪುಸ್ತಕ ತಂದಿದ್ದರು. ಆಟಕ್ಕೆ ಇರಲಿ, ಚಿಕಿತ್ಸೆ ಅಂದುಕೊಳ್ಳಬೇಡಿ ಅಂದೆ.

ಏನು ಮಾಡಿದೆವು

ಮೊದಲ ನಿರ್ಧಾರ, ಯಾವ ಪ್ರತ್ಯಯ ಅನ್ನುವುದು. ಪುಟ್ಟನ ಮಾತಲ್ಲಿ ಬಿಟ್ಟುಹೋಗುತ್ತಿದ್ದದ್ದು ಬಹಳ. ‘-ಅನ್ನು’ ಇರಲಿಲ್ಲ, ‘-ಇಂದ’ ಇರಲಿಲ್ಲ, ‘ಬರ್ತಾನೆ, ಬರ್ತಾಳೆ’ ವ್ಯತ್ಯಾಸ ಇರಲಿಲ್ಲ. ‘-ಅನ್ನು’ ಬಿಟ್ಟೆ. ಆಡುಮಾತಿನಲ್ಲಿ ನಾವೆಲ್ಲ ‘ಚೆಂಡು ಕೊಡು’ ಅಂತಲೇ ಅನ್ನುತ್ತೇವೆ. ದೊಡ್ಡವರೇ ಬಿಡುವುದನ್ನು ಮಗು ಬಿಟ್ಟರೆ ಅದು ತಪ್ಪಲ್ಲ. ‘-ಗೆ’ ಹಾಗಲ್ಲ, ಬಿಟ್ಟರೆ ಅರ್ಥವೇ ಕೆಡುತ್ತದೆ. ಬೇಕು, ಗೊತ್ತು, ಇಷ್ಟ, ಕೊಡು, ಹೇಳು, ತೋರಿಸು ಎಲ್ಲಕ್ಕೂ ಅದು ಬೇಕು. ಅದನ್ನೇ ಆರಿಸಿಕೊಂಡೆ. ‘-ಇಂದ’ವನ್ನು ಬೇಕೆಂದೇ ಕಲಿಸದೆ ಬಿಟ್ಟೆ. ‘-ಗೆ’ ಏರಿ ‘-ಇಂದ’ ಇದ್ದಲ್ಲೇ ಇದ್ದರೆ ಚಿಕಿತ್ಸೆಯಿಂದ ಆಗಿದೆ ಅನ್ನಬಹುದು. ಎರಡೂ ಒಟ್ಟಿಗೆ ಏರಿದರೆ ಮಗು ದೊಡ್ಡವನಾಗುತ್ತಿದ್ದಾನೆ, ಅಷ್ಟೇ.

ಎರಡನೇ ನಿರ್ಧಾರಕ್ಕೆ ಮನೆಯಲ್ಲಿ ವಿರೋಧ ಬಂತು. ಎಲೆನಾ ಪ್ಲಾಂಟೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ತಲೆಯಲ್ಲಿತ್ತು. ಭಾಷೆಯ ತೊಂದರೆ ಇದ್ದ ಪುಟ್ಟ ಮಕ್ಕಳ ಎರಡು ಗುಂಪು. ಎರಡಕ್ಕೂ ಒಂದು ವ್ಯಾಕರಣ ರೂಪವನ್ನು ಒಂದು ಸಲದ ಚಿಕಿತ್ಸೆಯಲ್ಲಿ 24 ಸಲ ಕೇಳಿಸಿದರು. ಒಂದು ಗುಂಪಿಗೆ 12 ಕ್ರಿಯಾಪದ ಎರಡೆರಡು ಸಲ. ಇನ್ನೊಂದಕ್ಕೆ 24 ಬೇರೆ ಬೇರೆ ಕ್ರಿಯಾಪದ. ಕೇಳಿದ ಸಲ ಎರಡು ಕಡೆಯೂ ಅಷ್ಟೇ. ಆದರೆ ಹೊಸ ಪದಗಳ ಮೇಲೆ ನೋಡಿದಾಗ ಮುಂದೆ ಬಂದದ್ದು ವೈವಿಧ್ಯ ಕೇಳಿದ ಗುಂಪು. ಪದ ಬದಲಾಗುತ್ತಲೇ ಇದ್ದರೆ ಅದನ್ನು ಬಾಯಿಪಾಠ ಮಾಡಲು ಆಗುವುದಿಲ್ಲ. ಬದಲಾಗದೆ ಉಳಿಯುವುದು ಪ್ರತ್ಯಯ ಒಂದೇ. ಆಗ ಗಮನ ಅದರ ಮೇಲೆ ಬೀಳುತ್ತದೆ.

ಹಾಗಾಗಿ ಪುಟ್ಟನಿಗೆ ಪ್ರತಿ ಸಲವೂ ಇಪ್ಪತ್ತನಾಲ್ಕು ಬೇರೆ ಬೇರೆ ನಾಮಪದ. ಆದರೆ ಇಲ್ಲಿ ಕನ್ನಡದ ಒಂದು ತೊಡಕಿದೆ. ‘ನರಿ’ಗೆ ‘ನರಿಗೆ’, ‘ಬೆಕ್ಕು’ಗೆ ‘ಬೆಕ್ಕಿಗೆ’, ‘ಮೊಲ’ಕ್ಕೆ ‘ಮೊಲಕ್ಕೆ’, ‘ಅಣ್ಣ’ನಿಗೆ ‘ಅಣ್ಣನಿಗೆ’. ಎಲ್ಲವನ್ನೂ ಒಟ್ಟಿಗೆ ತಂದರೆ ಬದಲಾಗದೆ ನಿಲ್ಲುವುದು ಏನೂ ಉಳಿಯುವುದಿಲ್ಲ. ಆದ್ದರಿಂದ ಇ ಮತ್ತು ಎ ಕಾರದಲ್ಲಿ ಮುಗಿಯುವ ಪದಗಳನ್ನೇ ಆರಿಸಿದೆ. ಆಮೆ, ಕಪ್ಪೆ, ಗೂಬೆ, ಜಿಂಕೆ, ಇಲಿ, ಹುಲಿ, ಕರಡಿ, ಚಿಟ್ಟೆ, ಇರುವೆ, ಗಾಡಿ, ಕಿಟಕಿ, ಕುರ್ಚಿ. ಇವಕ್ಕೆಲ್ಲ ಬರೀ ‘-ಗೆ’. ಪದದಲ್ಲಿ ಎಷ್ಟು ಬೇಕಾದರೂ ವೈವಿಧ್ಯ, ರೂಪದಲ್ಲಿ ಚೂರೂ ಇಲ್ಲ.

ಅಜ್ಜಿ ನೇರವಾಗಿಯೇ ಕೇಳಿದರು. “ಅಲ್ಲಮ್ಮ, ಇದ್ದ ಹತ್ತೇ ಸರಿಯಾಗಿ ಬರಲ್ಲ ಅಂತೀಯ. ಅದರ ಮೇಲೆ ಇನ್ನಿಪ್ಪತ್ತು ಹೇರಿದರೆ ಕೂಸು ಏನು ಮಾಡಬೇಕು?” ಪ್ರಶ್ನೆ ನ್ಯಾಯವಾದದ್ದೇ. ಕಲಿಯಲು ಕಷ್ಟಪಡುವ ಮಗುವಿಗೆ ಕಡಿಮೆ ಕೊಟ್ಟು ಜಾಸ್ತಿ ಸಲ ಹೇಳಿಸಬೇಕು ಅನ್ನುವುದು ಎಲ್ಲರ ಅಂದಾಜು. ಪದ ಕಲಿಸುವಾಗ ಅದರಲ್ಲಿ ಸತ್ಯವೂ ಇದೆ. ನಾವು ಇಲ್ಲಿ ಪದ ಕಲಿಸುತ್ತಿರಲಿಲ್ಲ. ಆಮೆ, ಕಪ್ಪೆ ಅವನಿಗೆ ಮೊದಲೇ ಗೊತ್ತು. ಗೊತ್ತಿರುವ ಪದಕ್ಕೆ ಗೊತ್ತಿಲ್ಲದ ಒಂದೇ ಒಂದು ತುಣುಕು ಹಚ್ಚುತ್ತಿದ್ದೆವು. ಅಜ್ಜಿಗೆ ನನ್ನ ಮಾತಿಗಿಂತ ನಂಬಿಕೆ ಬಂದದ್ದು ಗೂಮಿಯ ಆಟ ಕಣ್ಣಾರೆ ನೋಡಿದ ಮೇಲೆ. ಹತ್ತು ಕಾರ್ಡನ್ನು ಪಟಪಟ ಹೇಳುವ ಮೊಮ್ಮಗ ಗೂಮಿಯ ಹತ್ತಿರ ತಡವರಿಸಿದ್ದನ್ನು ಅವರು ಮರೆಯಲಿಲ್ಲ.

ಮೂರನೇ ನಿರ್ಧಾರ, ‘ಹೇಳು’ ಅನ್ನುವುದನ್ನು ನಿಲ್ಲಿಸಿದ್ದು. ‘ಹೇಳು ಪುಟ್ಟ, ನರಿಗೆ ಅನ್ನು, ನರಿ-ಗೆ’ ಅಂದ ಕೂಡಲೇ ಅವನು ತಲೆ ತಗ್ಗಿಸುತ್ತಿದ್ದ. ಅದರ ಬದಲು ಅವನು ಹೇಳಿದ್ದನ್ನೇ ಎತ್ತಿಕೊಂಡು ಸರಿಯಾದ ರೂಪದಲ್ಲಿ ಹಿಂದಿರುಗಿಸುವುದು. ಅವನು “ಆಮೆ ಟೋಪಿ” ಅಂದರೆ, ನಾನು “ಹೌದು, ಆಮೆಗೆ ಟೋಪಿ”. ಇದನ್ನು ನಾವು ರೀಕ್ಯಾಸ್ಟ್ ಅನ್ನುತ್ತೇವೆ. ಅವನು ತಿರುಗಿ ಹೇಳಬೇಕಾಗಿಲ್ಲ. ಆದರೆ ಕೇಳಲೇಬೇಕು. ಹಾಗಾಗಿ ಅವನು ನನ್ನ ಮುಖ ಅಥವಾ ಕೈಯಲ್ಲಿರುವ ಆಟಿಕೆ ನೋಡುವವರೆಗೆ ನಾನು ಬಾಯಿ ಬಿಡುತ್ತಿರಲಿಲ್ಲ. ಬೇರೆ ಕಡೆ ನೋಡುತ್ತಿರುವಾಗ ಹೇಳಿದ ರೀಕ್ಯಾಸ್ಟ್ ಲೆಕ್ಕಕ್ಕಿಲ್ಲ.

ವಾರಕ್ಕೆ ಮೂರು ಸಲ, ಅರ್ಧರ್ಧ ಗಂಟೆ. ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು, ಆಟದ ಮಧ್ಯೆ. ಮನೆಯ ಕೆಲಸ ಅಜ್ಜಿಗೆ ಸಲೀಸಾಗಿ ಒಗ್ಗಿತು. ಅವರಿಗೆ ಕೆಲಸ ಮಾಡುತ್ತಾ ಎಲ್ಲವನ್ನೂ ಮಾತಾಡಿಸುವ ಅಭ್ಯಾಸ ಮೊದಲೇ ಇತ್ತು. ಗೋಡೆಗೆ ಒರಗಬೇಡ, ಕಿಟಕಿಗೆ ಪರದೆ ಹಾಕೋಣ, ಗೊಂಬೆಗೆ ನಿದ್ದೆ ಬಂತಾ. ಇಪ್ಪತ್ತನಾಲ್ಕು ಪದದ ಪಟ್ಟಿ ಅವರಿಗೆ ಬೇಕಾಗಲೇ ಇಲ್ಲ. ಅಪ್ಪ ಅಮ್ಮನಿಗಿಂತ ಅವರ ಮಾತಿನಲ್ಲಿ ವೈವಿಧ್ಯ ಜಾಸ್ತಿ ಇತ್ತು.

ಏನಾಯಿತು

ಮೊದಲಿಗೆ ಏನೂ ಆಗಲಿಲ್ಲ. ಹನ್ನೆರಡು ಆಟಿಕೆಗಳ ಪರೀಕ್ಷೆಯಲ್ಲಿ ಒಂದು, ಎರಡು, ಮತ್ತೆ ಒಂದು. ಐದನೇ ವಾರ ದಾಟಿದರೂ ಅಷ್ಟೇ. ಈ ಪರೀಕ್ಷೆಗೆ ಇಟ್ಟ ಆಟಿಕೆಗಳನ್ನು ಚಿಕಿತ್ಸೆಯಲ್ಲಿ ಒಮ್ಮೆಯೂ ಬಳಸುತ್ತಿರಲಿಲ್ಲ. ಅಮ್ಮ ಕೇಳಿದರು, “ಹಳೆ ಥರ ಕಾರ್ಡಿಗೇ ಹೋಗೋಣವಾ ಮೇಡಂ? ಅದರಲ್ಲಿ ಏನೋ ಬರುತ್ತಿತ್ತು.” ಬರುತ್ತಿತ್ತು, ನಿಜ. ಬಾಯಿಪಾಠದ ಪ್ರಗತಿ ಬೇಗ ಕಣ್ಣಿಗೆ ಬೀಳುತ್ತದೆ. ನಿಯಮ ಹಿಡಿಯುವುದು ಹಿಡಿಯುವವರೆಗೂ ಹೊರಗೆ ಕಾಣುವುದಿಲ್ಲ.

ಇದು ಪ್ರಕರಣದ ಕಷ್ಟದ ಘಟ್ಟ. ಗುರಿ ಬದಲಿಸುವ ಆಯ್ಕೆ ನನಗೂ ಇತ್ತು. ಬದಲಿಸಲಿಲ್ಲ, ಎರಡು ಕಾರಣಕ್ಕೆ. 21 ನಿಮಿಷದಲ್ಲಿ ಹಿಡಿಯದವರು 42ರಲ್ಲಿ ಹಿಡಿದದ್ದು ಒಂದು. ಇನ್ನೊಂದು ಪುಟ್ಟನಲ್ಲೇ ಕಂಡ ಸಣ್ಣ ಬದಲಾವಣೆ. ‘ನರಿಗೆ ಕೋತಿ ಕೊಡು’, ‘ನರಿ ಕೋತಿಗೆ ಕೊಡು’ ಆಟ ಮತ್ತೆ ಆಡಿಸಿದಾಗ ಅವನು ಈಗ ನಿಂತು ಯೋಚಿಸುತ್ತಿದ್ದ. ಉತ್ತರ ಸರಿಯಿದ್ದದ್ದು ಕೆಲವೇ ಸಲ. ಆದರೆ ಎರಡು ವಾಕ್ಯ ಬೇರೆ ಬೇರೆ ಅನ್ನುವುದು ಅವನ ಕಿವಿಗೆ ಬಿದ್ದಿತ್ತು. ಬಾಯಿಗೆ ಬರುವ ಮೊದಲು ಕಿವಿಗೆ ಬರಬೇಕಲ್ಲ. ಹಾಗಾಗಿ ಗುರಿ ಅದೇ ಇರಲಿ, ಮನೆಯಲ್ಲಿ ಕೇಳುವ ಹೊತ್ತು ಹೆಚ್ಚಲಿ ಅಂತ ತೀರ್ಮಾನಿಸಿದೆವು. ಅಪ್ಪನೂ ರಾತ್ರಿ ಮಲಗಿಸುವಾಗ ಪಾಲು ತೆಗೆದುಕೊಂಡರು.

ತಿರುವು ಬಂದದ್ದು ತಪ್ಪಿನ ರೂಪದಲ್ಲಿ. ಒಂದು ದಿನ ಆಟದ ಮಧ್ಯೆ ಪುಟ್ಟ ಮೊಲದ ಗೊಂಬೆ ಎತ್ತಿಕೊಂಡು “ಮೊಲಗೆ ಚೆಂಡು” ಅಂದ. ಅಮ್ಮ ಅಲ್ಲೇ ಕೂತಿದ್ದರು. “ಮೊಲಗೆ ಅಲ್ಲ ಚಿನ್ನ, ಮೊಲಕ್ಕೆ” ಅಂತ ತಿದ್ದಲು ಹೊರಟರು. ನಾನು ಖುಷಿಯಾಗಿದ್ದು ನೋಡಿ ಅವರಿಗೆ ವಿಚಿತ್ರ ಅನ್ನಿಸಿತು. ಆದರೆ ಯೋಚಿಸಿ. ‘ಮೊಲಗೆ’ ಅಂತ ಈ ಮಗುವಿನ ಎದುರು ಯಾರೂ ಹೇಳಿಲ್ಲ. ಅಜ್ಜಿ ಹೇಳಿಲ್ಲ, ನಾನು ಹೇಳಿಲ್ಲ, ಕಾರ್ಡಿನಲ್ಲಿ ಇಲ್ಲ. ಕೇಳಿ ನೆನಪಿಟ್ಟದ್ದಾಗಿದ್ದರೆ ‘ಮೊಲಕ್ಕೆ’ ಬರಬೇಕಿತ್ತು. ‘ಮೊಲ’ ಬೇರೆ, ‘-ಗೆ’ ಬೇರೆ ಅಂತ ಒಡೆದು ತಾನೇ ಜೋಡಿಸಿದರೆ ಮಾತ್ರ ‘ಮೊಲಗೆ’ ಬರಲು ಸಾಧ್ಯ. ಹತ್ತು ಕಾರ್ಡಿನ ಹತ್ತು ಸರಿ ಉತ್ತರಕ್ಕಿಂತ ಈ ಒಂದು ತಪ್ಪು ಉತ್ತರ ನನಗೆ ಹೆಚ್ಚು ಹೇಳಿತು.

ಅಪ್ಪ ಸಂಜೆ ಫೋನಿನಲ್ಲಿ ಕೇಳಿದರು, “ತಪ್ಪು ಹೇಳಿದರೆ ತಿದ್ದಬಾರದಾ ಹಾಗಾದರೆ?” ಗಮನ ಸೆಳೆದು ‘ತಪ್ಪು’ ಅನ್ನುವುದು ಬೇಡ. “ಹೌದು, ಮೊಲಕ್ಕೆ ಚೆಂಡು” ಅಂತ ಹಿಂದಿರುಗಿಸಿ, ಆಟ ಮುಂದುವರಿಸಿ ಅಂದೆ. ‘-ಕ್ಕೆ’ಯನ್ನು ಬೇರೆಯಾಗಿ ಕಲಿಸಲು ಆಗ ಹೋಗಲಿಲ್ಲ. ಎಳೆಯದಾಗಿರುವ ನಿಯಮದ ಮೇಲೆ ಅಪವಾದ ಹೇರಿದರೆ ಎರಡೂ ಕೈತಪ್ಪಬಹುದು.

ಅಲ್ಲಿಂದ ಮುಂದೆ ಬೇಗ ಬೇಗ ಏರಿತು. ಪರೀಕ್ಷೆಯ ಹನ್ನೆರಡರಲ್ಲಿ ಆರು, ಎಂಟು, ಕೊನೆಗೆ ಹತ್ತು. “ಗೂಮಿಗೆ ಕೊಡು” ಕೂಡ ಬಂತು. ನರಿ ಕೋತಿಯ ಆಟದಲ್ಲಿ ಬಹುತೇಕ ಸರಿ. ಬೇಕೆಂದೇ ಬಿಟ್ಟಿದ್ದ ‘-ಇಂದ’ ಆ ಹೊತ್ತಿಗೂ ಹನ್ನೆರಡರಲ್ಲಿ ಒಂದು. ಆಮೇಲೆ ಚಿಕಿತ್ಸೆಗೆ ಮೂರು ತಿಂಗಳು ಬಿಡುವು ಕೊಟ್ಟು ಮತ್ತೆ ನೋಡಿದಾಗ ‘-ಗೆ’ ಉಳಿದಿತ್ತು. ‘ಮೊಲಗೆ’ ಹೋಗಿ ‘ಮೊಲಕ್ಕೆ’ ತಾನಾಗಿ ಬಂದಿತ್ತು. ‘ಮರಗೆ’ ಮಾತ್ರ ಆಗಾಗ ಇಣುಕುತ್ತಿತ್ತು.

ಒಂದಿಷ್ಟು ಎಚ್ಚರದ ಮಾತು

ಪುಟ್ಟ ಸರಿಹೋದ ಅಂತ ಇದನ್ನು ಓದಬೇಡಿ. ಆಟದಲ್ಲಿ ಬರುವ ‘-ಗೆ’ ಉದ್ದದ ಮಾತಿನಲ್ಲಿ ಇನ್ನೂ ಬಿದ್ದುಹೋಗುತ್ತದೆ. ಶಿಶುವಿಹಾರದಲ್ಲಿ ಏನಾಯಿತು ಅಂತ ಹೇಳುವಾಗ, ಯಾರು ಹೊಡೆದರು ಅಂತ ಉದ್ವೇಗದಲ್ಲಿ ಹೇಳುವಾಗ, ವಾಕ್ಯ ಮತ್ತೆ ಮೊದಲಿನ ಹಾಗೆ ತುಂಡು ತುಂಡು. ಡಿಎಲ್‌ಡಿ ಒಂದು ಪ್ರತ್ಯಯ ಕಲಿತರೆ ಮುಗಿಯುವ ತೊಂದರೆ ಅಲ್ಲ. ಬಹಳಷ್ಟು ಮಕ್ಕಳಲ್ಲಿ ಅದು ಬೇರೆ ಬೇರೆ ರೂಪದಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಓದು ಬರಹದಲ್ಲಿ ತೊಡಕಾಗುವ ಸಾಧ್ಯತೆಯೂ ಜಾಸ್ತಿ. ಶಿಶುವಿಹಾರದ ಶಿಕ್ಷಕಿಗೆ ನಾನು ಬರೆದುಕೊಟ್ಟ ಮೊದಲ ಸಾಲು ಚಿಕಿತ್ಸೆಯ ಬಗ್ಗೆ ಅಲ್ಲ. ‘ಇವನು ಮಾತು ಕೇಳದವನಲ್ಲ, ಮಾತು ಪೂರ್ತಿ ತಲುಪದವನು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ತೋರಿಸಿ ಹೇಳಿ.’ ಹಟದ ದೂರು ಕಡಿಮೆಯಾದದ್ದು ‘-ಗೆ’ ಬಂದಿದ್ದರಿಂದ ಅಲ್ಲ, ಈ ಸಾಲಿನಿಂದ ಅಂತ ನನ್ನ ಅಂದಾಜು.

ಒಂದು ಮಗುವಿನ ಮೇಲೆ ಕಂಡದ್ದು ಎಲ್ಲ ಮಕ್ಕಳಿಗೂ ಒಪ್ಪುತ್ತದೆ ಅನ್ನಲಾಗದು. ಪುಟ್ಟನಿಗೆ ಪದಗಳು ಮೊದಲೇ ಸಾಕಷ್ಟಿದ್ದವು. ಮೂವತ್ತು ನಲವತ್ತೇ ಪದ ಇರುವ ಮಗುವಿಗೆ ಇಪ್ಪತ್ತನಾಲ್ಕು ಪದದ ಈ ಆಟ ಹೊಂದುವುದಿಲ್ಲ. ಅಂಥ ಮಗುವಿಗೆ ಮೊದಲು ಪದಗಳೇ ಬೇಕು. ಆದರೆ ಯಾವ ಮಗುವೇ ಇರಲಿ, ‘ಕಲಿತಿದ್ದಾನೆ’ ಅಂತ ವರದಿಯಲ್ಲಿ ಬರೆಯುವ ಮೊದಲು ಕಲಿಸದ ಪದದ ಮೇಲೆ ಒಮ್ಮೆ ನೋಡಿ ಅಂತ ನಮ್ಮ ವೃತ್ತಿಯ ಕಿರಿಯರಿಗೆ ಹೇಳುತ್ತೇನೆ. ಅದಕ್ಕೆ ಉಪಕರಣ ಬೇಡ. ಒಂದು ಗೊಂಬೆ, ಅದಕ್ಕೊಂದು ಇಲ್ಲದ ಹೆಸರು ಸಾಕು.

ಈಗ

ಈಗ ಕೈಗೆತ್ತಿಕೊಂಡಿರುವುದು ‘ಬರ್ತಾನೆ, ಬರ್ತಾಳೆ’. ಪುಟ್ಟ ಅಜ್ಜಿಗೂ ‘ಬರ್ತಾನೆ’ ಅನ್ನುತ್ತಾನೆ. ಇದು ‘-ಗೆ’ಗಿಂತ ಕಷ್ಟ. ‘-ಗೆ’ ಪದಕ್ಕೆ ಅಂಟಿಕೊಂಡೇ ಇರುತ್ತದೆ. ಇಲ್ಲಿ ‘ಅಜ್ಜಿ’ ವಾಕ್ಯದ ಒಂದು ತುದಿ, ‘-ಆಳೆ’ ಇನ್ನೊಂದು ತುದಿ, ನಡುವೆ ಏನು ಬೇಕಾದರೂ ಬರಬಹುದು. ದೂರದ ಎರಡು ತುದಿಗಳ ನಂಟು ಹಿಡಿಯುವುದರ ಮೇಲೆ ರೆಬೆಕಾ ಗೋಮೆಜ್ 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ನಡುವಿನ ಪದ ಕೆಲವೇ ಕೆಲವಿದ್ದಾಗ ಕೇಳುಗರಿಗೆ ತುದಿಗಳ ನಂಟು ಸರಿಯಾಗಿ ಸಿಗಲಿಲ್ಲ. ನಡುವಿನ ಪದಗಳನ್ನು 24ಕ್ಕೆ ಏರಿಸಿದಾಗ ಸಿಕ್ಕಿತು, ದೊಡ್ಡವರಿಗೂ, ಹದಿನೆಂಟು ತಿಂಗಳ ಶಿಶುಗಳಿಗೂ. ಹಾಗಾಗಿ ಈ ಸುತ್ತಿನಲ್ಲಿ ತುದಿಗಳನ್ನು ಗಟ್ಟಿಯಾಗಿ ಇಟ್ಟು ನಡುವನ್ನು ಬದಲಿಸುತ್ತಿದ್ದೇವೆ. ಅಜ್ಜಿ ಓಡಿ ಬರ್ತಾಳೆ, ಅಜ್ಜಿ ಮೆಲ್ಲಗೆ ಬರ್ತಾಳೆ, ಅಜ್ಜಿ ಚೀಲ ಹಿಡಿದು ಬರ್ತಾಳೆ, ಅಜ್ಜಿ ನಾಳೆ ಬರ್ತಾಳೆ. ಈ ಸಲ ಪಟ್ಟಿ ಬರೆದುಕೊಟ್ಟವರು ಅಜ್ಜಿಯೇ. ಕಲಿಸದೆ ಬಿಟ್ಟಿರುವುದು ಈಗಲೂ ‘-ಇಂದ’. ಅದರ ಪರೀಕ್ಷೆ ತಿಂಗಳಿಗೊಮ್ಮೆ ನಡೆಯುತ್ತಿದೆ.